ಎಫ್ ಹಿಡಿದರೆ ಅರ್ಧ ತಂತಿ ಮೂಕ!

ಪ್ರಶ್ನೆ: ಶಿಡ್ಲಘಟ್ಟದಲ್ಲಿ ನಮ್ಮದು ಸಣ್ಣ ರೇಷ್ಮೆ ರೀಲಿಂಗ್ ಘಟಕ. ಏಳು ತಿಂಗಳಿಂದ ಗಿಟಾರ್ ಕಲಿಯುತ್ತಿದ್ದೇನೆ. ಸಿ, ಜಿ, ಡಿ, ಎ ಮೈನರ್ ಎಲ್ಲ ಸರಾಗ. ತೋರುಬೆರಳನ್ನು ಎಲ್ಲ ತಂತಿಗಳ ಮೇಲೆ ಅಡ್ಡ ಮಲಗಿಸುವ ಎಫ್ ಬಾರ್ ಕಾರ್ಡ್ ಹಿಡಿದರೆ ಮಾತ್ರ ಅರ್ಧ ತಂತಿ ಮೂಕ, ಇನ್ನರ್ಧ ಗೊರಗೊರ. ಹೆಬ್ಬೆರಳ ಬುಡ ನೋಯುತ್ತದೆ. ದಿನವಿಡೀ ಬಿಸಿನೀರಲ್ಲಿ ಗೂಡು ಆಡಿಸುವ ಕೈ ನನ್ನದು. ಈ ಬೆರಳಿಗೆ ಇದು ಆಗದ ಕೆಲಸವಾ?

ಉತ್ತರ: ಬೆರಳನ್ನು ಬೈಯಬೇಡಿ. ನೀವು ಶುರು ಮಾಡಿದ ಜಾಗವೇ ಎಲ್ಲಕ್ಕಿಂತ ಕಷ್ಟದ್ದು. ಬಟ್ಟೆ ಒಣಹಾಕುವ ಹಗ್ಗವನ್ನು ಗೂಟದ ಪಕ್ಕದಲ್ಲೇ ಒತ್ತಿ ನೋಡಿ, ಬಗ್ಗಲ್ಲ. ಸ್ವಲ್ಪ ದೂರ ಹೋಗಿ ಒತ್ತಿದರೆ ಆರಾಮಾಗಿ ಬಗ್ಗುತ್ತದೆ. ಮೊದಲ ಫ್ರೆಟ್ (ನೆಕ್ಕಿನ ಮೇಲಿನ ಲೋಹದ ಅಡ್ಡಪಟ್ಟಿ) ಅಂದರೆ ಗೂಟದ ಪಕ್ಕ, ಅಲ್ಲಿ ಗೂಟ ಅಂದರೆ ನಟ್, ನೆಕ್ಕಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ.

ಅದೇ ಆಕಾರವನ್ನು ಐದನೇ ಫ್ರೆಟ್‌ಗೆ ಒಯ್ಯಿರಿ. ತೋರುಬೆರಳು ಐದರಲ್ಲಿ ಅಡ್ಡಲಾಗಿ. ಮಧ್ಯದ ಬೆರಳು ಮೂರನೇ ತಂತಿಯ ಆರರಲ್ಲಿ (ಅತಿ ತೆಳು ತಂತಿಯೇ ಒಂದನೆಯದು). ಉಂಗುರದ ಬೆರಳು ಐದನೇ ತಂತಿಯ ಏಳರಲ್ಲಿ, ಕಿರುಬೆರಳು ನಾಲ್ಕನೇ ತಂತಿಯ ಏಳರಲ್ಲಿ. ಇದು ಎ ಮೇಜರ್. ಇಲ್ಲೊಂದು ವಿಷಯ ಗಮನಿಸಿ. 5, 4, 3ನೇ ತಂತಿಗಳನ್ನು ಬೇರೆ ಬೆರಳುಗಳೇ ನೋಡಿಕೊಳ್ಳುತ್ತವೆ. ತೋರುಬೆರಳು ನುಡಿಸಬೇಕಾದ್ದು 6, 2, 1 ಮಾತ್ರ. ಆರನ್ನೂ ಹಿಸುಕಿ ಸಾಯೋದು ಬೇಡ.

ತೋರುಬೆರಳನ್ನು ಹೆಬ್ಬೆರಳ ಕಡೆಗೆ ಸ್ವಲ್ಪ ಉರುಳಿಸಿ, ಎಲುಬು ಸಿಗುವ ಅಂಚು ತಂತಿಗೆ ತಾಗಲಿ. ಫ್ರೆಟ್ ಪಟ್ಟಿಗೆ ಅಂಟಿದಂತೆ, ಅದರ ಹಿಂದೆಯೇ ಇರಲಿ. ಒಂದೊಂದೇ ತಂತಿ ಮೀಟಿ. ಯಾವುದೋ ಒಂದು ಮಾತ್ರ ಮೂಕವಾದರೆ ಬೆರಳಿನ ಗೆರೆ ಅದರ ಮೇಲೆ ಕೂತಿರುತ್ತದೆ. ಒಂದು ಕೂದಲೆಳೆ ಮೇಲೆ ಕೆಳಗೆ ಸರಿಸಿ.

ಹೆಬ್ಬೆರಳ ನೋವಿಗೆ ಕಾರಣ ಚಿವುಟುವ ಅಭ್ಯಾಸ. ಹೆಬ್ಬೆರಳನ್ನು ಪೂರ್ತಿ ತೆಗೆದು ಹಿಡಿದು ನೋಡಿ. ಬಲ ಮೊಣಕೈ ಗಿಟಾರನ್ನು ಮೈಗೆ ಒತ್ತಿರಲಿ, ಎಡ ತೋಳು ನೆಕ್ಕನ್ನು ಹಿಂದಕ್ಕೆ ಎಳೆಯಲಿ. ಸದ್ದು ಬರುತ್ತೆ! ಐದರಲ್ಲಿ ಸ್ಪಷ್ಟವಾದ ಮೇಲೆ ನಾಲ್ಕು, ಮೂರು ಅಂತ ಇಳಿಯಿರಿ. ಎಫ್ ಕೊನೆಗೆ.

ಅಷ್ಟಾದರೂ ಮೊದಲ ಫ್ರೆಟ್ ಒಗ್ಗದಿದ್ದರೆ ಗಿಟಾರನ್ನೇ ಅನುಮಾನಿಸಿ. ಒಂದರಲ್ಲಿ ಕೇಪೋ (ಎಲ್ಲ ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಎರಡರಲ್ಲಿ ಬಾರ್ ಹಿಡಿಯಿರಿ. ಏಕಾಏಕಿ ಸುಲಭವಾಯಿತೇ? ಹಾಗಾದರೆ ನಟ್ ಎತ್ತರ ಜಾಸ್ತಿ ಇದೆ. ರಿಪೇರಿಯವರು ಅದರಲ್ಲಿ ತಂತಿ ಕೂರುವ ಸೀಳುಗಳನ್ನು ಅರದಿಂದ ತುಸು ಉಜ್ಜಿ ಕೊಡುತ್ತಾರೆ, ನೀವೇ ಕೈ ಹಾಕಬೇಡಿ. ನನ್ನ ಮೊದಲ ಗಿಟಾರ್ ಹೀಗೇ ಇತ್ತು. ಒಂದು ವರ್ಷ ಸುಮ್ನೆ ನನ್ನ ಕೈಯನ್ನೇ ಶಪಿಸಿದೆ.

ಬಿಸಿನೀರಿನ ಮಾತು ನಿಜ. ನೆಂದ ಚರ್ಮ ಮೆತ್ತಗಿರುತ್ತದೆ, ತಂತಿ ಕೊರೆಯುತ್ತದೆ. ಕೆಲಸ ಮುಗಿದ ಕೂಡಲೇ ಕೂರಬೇಡಿ, ಊಟವಾದ ಮೇಲೆ ಹತ್ತು ನಿಮಿಷ ಸಾಕು. ವಿಶ್ರಾಂತಿ ಕೊಟ್ಟರೂ ನೋವು ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಚಿಂತಾಮಣಿಯಲ್ಲಿ ಭಜನೆ ತಂಡಕ್ಕೆ ಗಿಟಾರ್ ನುಡಿಸುತ್ತೇನೆ. ಒಬ್ಬರು ಐದು ಮನೆ ಶ್ರುತಿ ಅಂತಾರೆ, ಇನ್ನೊಬ್ಬರು ಐದೂವರೆ. ಪ್ರತಿ ಸಲ ಕೇಪೋ ಬದಲಿಸಬೇಕಾ?

ಉತ್ತರ: ಬೇಡ, ಬಾರ್ ಕಾರ್ಡ್ ಇರುವುದೇ ಇದಕ್ಕೆ. ಮೇಲೆ ಹೇಳಿದ ಆಕಾರ ಮೂರನೇ ಫ್ರೆಟ್‌ನಲ್ಲಿ ಜಿ, ಅಂದರೆ ಐದು ಮನೆ (ಹಾರ್ಮೋನಿಯಂನಲ್ಲಿ ಸಿ ಒಂದು ಮನೆ ಅಂತ ಎಣಿಸಿದರೆ ಐದನೇ ಬಿಳಿ ಮನೆ). ನಾಲ್ಕರಲ್ಲಿ ಐದೂವರೆ, ಐದರಲ್ಲಿ ಆರು. ಒಂದು ಎಚ್ಚರ: ಮೂರೂವರೆ ಮನೆ ಅಂತ ಇಲ್ಲ, ಮೂರರಿಂದ ನಾಲ್ಕು ಮನೆಗೆ ಒಂದೇ ಫ್ರೆಟ್.

ಇನ್ನು ಮಧ್ಯಮ, ಪಂಚಮಕ್ಕೆ ಕಾರ್ಡ್ ಬೇಕಲ್ವಾ? ಐದನೇ ತಂತಿಯಿಂದ ಶುರುವಾಗುವ ಎ ಆಕಾರ ಕಲಿಯಿರಿ. ತೋರುಬೆರಳು ಅಡ್ಡಲಾಗಿ, ಎರಡು ಫ್ರೆಟ್ ಮುಂದೆ 4, 3, 2ನೇ ತಂತಿಗಳ ಮೇಲೆ ಉಂಗುರದ ಬೆರಳು ಮಲಗಲಿ. ಷಡ್ಜದ ಕಾರ್ಡ್ (ಮೊದಲ ಆಕಾರದ್ದು) ಇದ್ದ ಫ್ರೆಟ್‌ನಲ್ಲೇ ಇದನ್ನು ಹಿಡಿದರೆ ಮಧ್ಯಮ, ಎರಡು ಫ್ರೆಟ್ ಮುಂದೆ ಜಾರಿಸಿದರೆ ಪಂಚಮ. ಶ್ರುತಿ ಬದಲಾದರೆ ಮೂರೂ ಒಟ್ಟಿಗೆ ಸರಿಯುತ್ತವೆ. ಆ ಆಕಾರದಲ್ಲಿ ಮೊದಲ ತಂತಿ ಎಷ್ಟೋ ಸಲ ಮೂಕವಾಗುತ್ತದೆ. ಆಗಲಿ ಬಿಡಿ, ತಾಳದ ಸದ್ದಿನಲ್ಲಿ ಯಾರಿಗೆ ಗೊತ್ತಾಗುತ್ತೆ!