ವೆಂಟಿಲೇಟರಿನಲ್ಲಿದ್ದಾಗಲೇ ನ್ಯುಮೋನಿಯಾ ಬಂದದ್ದೇಕೆ?

ಪ್ರಶ್ನೆ: ನಮ್ಮ ಎರಡು ವರ್ಷದ ಮಗಳಿಗೆ ಫಿಟ್ಸ್ ಬಂದು ನಿಲ್ಲದೇ ಹೋದದ್ದರಿಂದ ಮಕ್ಕಳ ಐಸಿಯುವಿನಲ್ಲಿ ವೆಂಟಿಲೇಟರ್ ಹಾಕಿದರು. ಸೇರಿಸಿದ ದಿನದ ಎಕ್ಸ್‌ರೇಯಲ್ಲಿ ಶ್ವಾಸಕೋಶ ಚೆನ್ನಾಗಿತ್ತು. ಐದನೆಯ ದಿನ ‘ನ್ಯುಮೋನಿಯಾ ಆಗಿದೆ’ ಎಂದು ಆ್ಯಂಟಿಬಯಾಟಿಕ್ ಬದಲಿಸಿದರು. ಈಗ ಮಗಳು ಮನೆಯಲ್ಲಿ ಆಡಿಕೊಂಡಿದ್ದಾಳೆ. ಆದರೂ ಇದು ಆಸ್ಪತ್ರೆಯವರ ನಿರ್ಲಕ್ಷ್ಯವೇ, ಅವಳ ಶ್ವಾಸಕೋಶ ಮುಂದೆಯೂ ದುರ್ಬಲವಾಗಿರುತ್ತದೆಯೇ ಎಂಬ ಚಿಂತೆ ಬಿಟ್ಟಿಲ್ಲ.
— ಒಬ್ಬ ತಾಯಿ, ಹಾವೇರಿ

ಉತ್ತರ: ಗಂಟಲಿಗೆ ನಳಿಕೆ ಹಾಕಿ 48 ಗಂಟೆ ಕಳೆದ ಮೇಲೆ ಹೊಸದಾಗಿ ಕಾಣಿಸಿಕೊಳ್ಳುವ ಇಂಥ ಸೋಂಕನ್ನು ವೆಂಟಿಲೇಟರ್ ಸಂಬಂಧಿತ ನ್ಯುಮೋನಿಯಾ ಎನ್ನುತ್ತೇವೆ. ವೆಂಟಿಲೇಟರ್ ಯಂತ್ರಕ್ಕಿಂತ ಹೆಚ್ಚಾಗಿ ಆ ನಳಿಕೆಯೇ ಇದಕ್ಕೆ ಕಾರಣ. ಆರೋಗ್ಯವಂತ ಮಗುವಿನಲ್ಲಿ ಧ್ವನಿಪೆಟ್ಟಿಗೆ ಮುಚ್ಚಿಕೊಂಡು, ಕೆಮ್ಮು ಹೊರದೂಡಿ, ಶ್ವಾಸನಾಳದ ಸೂಕ್ಷ್ಮ ರೋಮಗಳು ಕಫವನ್ನು ಮೇಲಕ್ಕೆ ಸಾಗಿಸಿ ಶ್ವಾಸಕೋಶವನ್ನು ಕಾಯುತ್ತವೆ. ನಳಿಕೆ ಒಳಗಿಳಿದು, ಫಿಟ್ಸ್ ನಿಲ್ಲಿಸಲು ಕೊಟ್ಟ ನಿದ್ದೆಯ ಔಷಧಿ ಕೆಮ್ಮನ್ನೂ ಅಡಗಿಸಿದಾಗ ಈ ಮೂರೂ ಕಾವಲುಗಳು ಒಟ್ಟಿಗೆ ಸಡಿಲವಾಗುತ್ತವೆ. ಬಾಯಿಯ ಜೊಲ್ಲು ನಳಿಕೆಯ ತುದಿಯ ಬಲೂನಿನಂಥ ‘ಕಫ್’ ಮೇಲೆ ನಿಂತು, ಅದರ ಅಂಚಿನಿಂದ ಹನಿಹನಿಯಾಗಿ ಕೆಳಗಿಳಿಯುತ್ತದೆ. ನಳಿಕೆಯ ಒಳಮೈಯಲ್ಲಿ ಕಟ್ಟುವ ಲೋಳೆಪದರದಲ್ಲಿ ಸ್ಯೂಡೊಮೊನಾಸ್, ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾಗಳು ನೆಲೆಯೂರುತ್ತವೆ. ಇವುಗಳಲ್ಲಿ ಹಲವು ಸಾಮಾನ್ಯ ಔಷಧಿಗಳಿಗೆ ಬಗ್ಗುವುದಿಲ್ಲವಾದ್ದರಿಂದಲೇ ಆ್ಯಂಟಿಬಯಾಟಿಕ್ ಬದಲಿಸಬೇಕಾಗುತ್ತದೆ.

ಈ ರೋಗವನ್ನು ಗುರುತಿಸುವುದು ಹೇಳಿದಷ್ಟು ಸುಲಭವಲ್ಲ ಎಂಬುದನ್ನೂ ತಾವು ತಿಳಿದಿರಬೇಕು. ನಳಿಕೆಯಿಂದ ತೆಗೆದ ಕಫದಲ್ಲಿ ಬ್ಯಾಕ್ಟೀರಿಯಾ ಬೆಳೆದ ಮಾತ್ರಕ್ಕೆ ಸೋಂಕಾಗಿದೆ ಎಂದಲ್ಲ. ಕೆಲವು ದಿನ ನಳಿಕೆ ಇದ್ದ ಬಹುತೇಕ ಮಕ್ಕಳಲ್ಲಿ ಅವು ಸುಮ್ಮನೆ ವಾಸವಾಗಿರುತ್ತವೆ. ಎಕ್ಸ್‌ರೇಯ ಬಿಳಿ ಕಲೆಯೂ ನಂಬಿಸಿ ಮೋಸ ಮಾಡಬಲ್ಲದು, ಏಕೆಂದರೆ ಕಫ ಅಡ್ಡವಾಗಿ ಶ್ವಾಸಕೋಶದ ಒಂದು ಭಾಗ ಮುದುಡಿಕೊಂಡರೂ ಹಾಗೆಯೇ ಕಾಣುತ್ತದೆ. ಹೊಸ ಜ್ವರ, ಗಟ್ಟಿಯಾಗಿ ಬಣ್ಣ ಬದಲಿಸಿದ ಕಫ, ಒಂದೆರಡು ದಿನ ಸ್ಥಿರವಾಗಿದ್ದ ಆಕ್ಸಿಜನ್ ಅಗತ್ಯ ಮತ್ತೆ ಏರುವುದು, ಇವೆಲ್ಲವನ್ನೂ ಕೂಡಿಸಿ ನೋಡಿಯೇ ನಿರ್ಧರಿಸಬೇಕು.

ಇನ್ನು ನಿರ್ಲಕ್ಷ್ಯದ ಮಾತು. ಈ ಸೋಂಕು ಬಂದದ್ದೇ ನಿರ್ಲಕ್ಷ್ಯಕ್ಕೆ ಸಾಕ್ಷಿ ಎನ್ನಲಾಗದು, ಎಷ್ಟೇ ಎಚ್ಚರ ವಹಿಸಿದರೂ ಕೆಲವು ಮಕ್ಕಳಿಗೆ ಬರುತ್ತದೆ. ಆದರೆ ಎಚ್ಚರದಿಂದ ಅದು ಕಡಿಮೆಯಾಗುತ್ತದೆ ಎಂಬುದೂ ಅಷ್ಟೇ ನಿಜ. ಹಾಸಿಗೆಯ ತಲೆಭಾಗವನ್ನು 30ರಿಂದ 45 ಡಿಗ್ರಿ ಎತ್ತಿಡುವುದು, ಮುಟ್ಟುವ ಮುನ್ನ ಪ್ರತಿ ಸಲವೂ ಕೈ ಶುಚಿಗೊಳಿಸುವುದು, ಬಾಯಿಯ ಸ್ವಚ್ಛತೆ ಇವೆಲ್ಲ ಸಣ್ಣ ಕೆಲಸಗಳೇ. ವೆಂಟಿಲೇಟರಿನ ಸುಕ್ಕುಸುಕ್ಕಾದ ಪೈಪಿನಲ್ಲಿ ಹಬೆ ತಣಿದು ನೀರು ನಿಲ್ಲುತ್ತದೆ; ಮಗುವಿನ ಮಗ್ಗುಲು ಬದಲಿಸುವ ಮೊದಲು ಆ ನೀರನ್ನು ಚೆಲ್ಲದಿದ್ದರೆ ಅದು ನೇರವಾಗಿ ಗಂಟಲಿನತ್ತ ಹರಿಯುತ್ತದೆ. ರಾತ್ರಿ ಪಾಳಿಯಲ್ಲಿ ಒಬ್ಬ ನರ್ಸ್ ನಾಲ್ಕೈದು ಮಕ್ಕಳನ್ನು ನೋಡಿಕೊಳ್ಳುವಲ್ಲಿ ಇಂಥದ್ದೇ ಮೊದಲು ತಪ್ಪಿಹೋಗುವುದು, ಅದನ್ನು ಒಬ್ಬ ನರ್ಸ್‌ನ ತಪ್ಪೆಂದು ನಾನು ಹೇಳಲಾರೆ. ಎಲ್ಲಕ್ಕಿಂತ ಮುಖ್ಯವಾದದ್ದು, ನಿದ್ದೆಯ ಔಷಧಿ ತಗ್ಗಿಸಿ ಇವತ್ತು ನಳಿಕೆ ತೆಗೆಯಬಹುದೇ ಎಂದು ಪ್ರತಿದಿನ ಪರಿಶೀಲಿಸುವುದು. ಒಂದು ದಿನ ಮುಂಚೆ ತೆಗೆದರೆ ಅಪಾಯವೂ ಅಷ್ಟು ತಗ್ಗುತ್ತದೆ. ಡಿಸ್ಚಾರ್ಜ್ ಸಾರಾಂಶದಲ್ಲಿ ನಳಿಕೆ ಹಾಕಿದ ಮತ್ತು ತೆಗೆದ ದಿನಾಂಕಗಳು, ಕಫದ ಕಲ್ಚರ್ (ಅದರಲ್ಲಿ ಯಾವ ಬ್ಯಾಕ್ಟೀರಿಯಾ ಬೆಳೆಯಿತೆಂಬ ಪರೀಕ್ಷೆ) ವರದಿ ಇವೆಯೇ ನೋಡಿ, ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಶ್ವಾಸಕೋಶದ ಬಗ್ಗೆ ಹೆಚ್ಚು ಭಯ ಬೇಡ. ಈ ವಯಸ್ಸಿನಲ್ಲಿ ಅದು ಇನ್ನೂ ಬೆಳೆಯುತ್ತಿರುತ್ತದೆ, ಮೊದಲು ಆರೋಗ್ಯವಾಗಿದ್ದ ಮಕ್ಕಳು ಸಾಮಾನ್ಯವಾಗಿ ಚೆನ್ನಾಗಿಯೇ ಚೇತರಿಸಿಕೊಳ್ಳುತ್ತಾರೆ. ಆದರೆ ಧ್ವನಿ ಗೊಗ್ಗರಾಗಿಯೇ ಉಳಿದರೆ, ಉಸಿರು ಒಳಗೆಳೆಯುವಾಗ ಸದ್ದು ಬಂದರೆ, ನಳಿಕೆಯಿಂದ ಶ್ವಾಸನಾಳ ಕಿರಿದಾಗಿರಬಹುದಾದ್ದರಿಂದ ಇಎನ್‌ಟಿ ತಜ್ಞರಿಗೆ ತೋರಿಸಿ. ನೆಗಡಿ ಕೆಮ್ಮಿದ್ದಾಗ, ಮಗಳು ಅಳದೆ ಮಲಗಿರುವ ಹೊತ್ತಿನಲ್ಲಿ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಅದು 40 ಅಥವಾ ಹೆಚ್ಚಿದ್ದರೆ, ಇಲ್ಲವೇ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.