ಮುಚ್ಚಿದ ಸ್ಥಾವರಕ್ಕೆ ಮಾರ್ಚ್‌ನಲ್ಲಿ ಹೋಗಬೇಡಿ

ಎರಡು ವರ್ಷದ ಹಿಂದೆ ನಿಂತುಹೋದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ತ್ಯಾಜ್ಯನೀರು ತಪಾಸಣೆಗೆ ನಿಮ್ಮ ಪ್ರಯೋಗಾಲಯ ನಿಮ್ಮನ್ನು ಕಳುಹಿಸುತ್ತಿದೆ, ಹೇಗೂ ನೀರು ಹೊರಗೆ ಹೋಗುವುದಿಲ್ಲ, ಒಂದು ದಿನ ಸಾಕೇ ಎರಡು ದಿನ ಬೇಕೇ, ನೀರಿನ ಹುಳಿ ಅಳೆಯಲು ಯಾವ ಪಿಎಚ್ ಮೀಟರ್ ಕೊಳ್ಳಲಿ ಎಂದು ಕೇಳಿದ್ದೀರಿ. ಕುಶಾಲನಗರದವರು ಎಂದೂ ಬರೆದಿದ್ದೀರಿ. "ಹೇಗೂ ನೀರು ಹೊರಗೆ ಹೋಗುವುದಿಲ್ಲ" ಎಂಬಲ್ಲಿಗೆ ಬಂದಾಗ ನನ್ನ ಕಿವಿ ಬಿಸಿಯಾಯಿತು. ಅದೇ ಮಾತನ್ನು ನಾನು ವರದಿಯಲ್ಲಿ ಬರೆದು, ಕೆಳಗೆ ಸಹಿ ಹಾಕಿ, ಮೊಹರು ಒತ್ತಿದ್ದೆ.

ನಾನು ಸೋಮವಾರಪೇಟೆ ಕಡೆಯವನು. ಒಂದು ಖಾಸಗಿ ಪ್ರಯೋಗಾಲಯದಲ್ಲಿ ಮಾದರಿ ಸಂಗ್ರಹಿಸುವ ಕೆಲಸದಲ್ಲಿದ್ದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಕೊಡಗಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ನೀರೇ ನನ್ನ ಪಾಲಿಗೆ. ಹಣ್ಣಿನ ಲೋಳೆಯಲ್ಲಿರುವ ಸಕ್ಕರೆ ಹುಳಿಯಾಗಿ ಆ ನೀರಿನ ಪಿಎಚ್ ನಾಲ್ಕರ ಆಸುಪಾಸಿಗೆ ಇಳಿಯುತ್ತದೆ. ಕೊಲ್ಲಿಗೆ, ಅಂದರೆ ತೊರೆಗೆ, ಬಿಟ್ಟರೆ ಅಲ್ಲಿನ ಆಮ್ಲಜನಕವನ್ನೆಲ್ಲ ಹೀರಿ ಮೀನುಗಳನ್ನು ತೇಲಿಸುತ್ತದೆ. ಇದರಲ್ಲಿ ನನ್ನನ್ನು ಯಾರೂ ಏಮಾರಿಸಲು ಸಾಧ್ಯವಿರಲಿಲ್ಲ. ತಪಾಸಣೆಯ ಹಿಂದಿನ ಸಂಜೆ ಹುಳಿ ಮರೆಮಾಡಲು ಗುಂಡಿಗೆ ಸುಣ್ಣ ಸುರಿದಿದ್ದರೆ, ಅಂಚಿನಲ್ಲಿ ಕುಳಿತ ಬಿಳಿ ಗೆರೆ ನೋಡಿಯೇ ಹೇಳಿಬಿಡುತ್ತಿದ್ದೆ. ಆ ಜಂಬವೂ ಕೆಲಸ ಕೆಡಿಸಿತು ಎಂದು ಈಗ ಅನ್ನಿಸುತ್ತದೆ.

2019ರ ಮಾರ್ಚ್‌ನಲ್ಲಿ ನನ್ನನ್ನು ಹೊರರಾಜ್ಯದ ಒಂದು ಮುಚ್ಚಿದ ಸ್ಥಾವರಕ್ಕೆ ಕಳುಹಿಸಿದರು. ಚಿಮಣಿಯಲ್ಲಿ ಹೊಗೆಯಿಲ್ಲ, ಶೈತ್ಯ ಗೋಪುರದೊಳಗೆ ಪಾರಿವಾಳಗಳು, ಕಾವಲಿಗೆ ಇಬ್ಬರು. ಕಲ್ಲಿದ್ದಲು ಉರಿದು ಉಳಿದ ಹಾರುಬೂದಿಯನ್ನು ನೀರಿನಲ್ಲಿ ಕಲಸಿ ಪೈಪಿನಲ್ಲಿ ತಂದು ತುಂಬಿದ ಬೂದಿಕೊಳ ಮಾತ್ರ ಹಾಗೆಯೇ ಇತ್ತು. ಕೊಳ ಎನ್ನುವುದಕ್ಕಿಂತ ಏರಿ ಕಟ್ಟಿದ ಬೂದಿಯ ಬಯಲು. ಅದರ ನೀರು ಹೊರಬೀಳುವ ಕಟ್ಟೆ ಒಣಗಿತ್ತು. ಅಳತೆಗಾಗಿ ಕೊರೆದ ತ್ರಿಕೋನದ ಕಂಡಿಗೆ ಜೇಡ ಬಲೆ ನೇಯ್ದಿತ್ತು. ಫೋಟೊ ತೆಗೆದೆ. ನಮೂನೆಯಲ್ಲಿ "ಹೊರಹರಿವು" ಎಂಬ ಅಂಕಣದ ಮುಂದೆ "ಇಲ್ಲ" ಎಂದು ಬರೆದೆ. ಮಧ್ಯಾಹ್ನದ ಊಟಕ್ಕೆ ಮೊದಲೇ ಕೆಲಸ ಮುಗಿದಿತ್ತು.

ಆ "ಇಲ್ಲ" ಎಂಬ ಎರಡಕ್ಷರವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರಿಸಬೇಡಿ. ನಾನು ನೋಡಿದ್ದು ಒಂದು ಕಂಡಿ, ಒಂದು ದಿನ, ಒಂದು ಗಂಟೆ. ಬರೆದದ್ದು ಇಡೀ ಸ್ಥಾವರಕ್ಕೆ, ಇಡೀ ವರ್ಷಕ್ಕೆ. "ಮಾರ್ಚ್‌ನ ಈ ದಿನ, ಈ ಕಟ್ಟೆಯಲ್ಲಿ ನೀರು ಕಾಣಲಿಲ್ಲ" ಎಂದು ಬರೆದಿದ್ದರೆ ಅದು ಸತ್ಯವಾಗಿರುತ್ತಿತ್ತು. "ಇಲ್ಲ" ಎಂದದ್ದರಿಂದ ಸ್ಥಾವರದವರು ಅದನ್ನೇ ತೋರಿಸಿ ಮಳೆಗಾಲದ ಮಾದರಿ ಸಂಗ್ರಹವನ್ನೇ ಕೈಬಿಟ್ಟರು. ಅವರನ್ನು ದೂರುವುದು ಹೇಗೆ? ಕಾಗದ ಕೊಟ್ಟವನು ನಾನು.

ಇಷ್ಟೇ ಆಗಿದ್ದರೆ ಅನುಭವ ಸಾಲದು ಎಂದು ಸಮಾಧಾನ ಹೇಳಿಕೊಳ್ಳಬಹುದಿತ್ತು. ಆದರೆ ಏರಿಯ ಹೊರಬುಡದಲ್ಲಿ, ಸುತ್ತ ಹುಲ್ಲೆಲ್ಲ ಕಡ್ಡಿಯಾಗಿದ್ದಾಗ, ಒಂದು ಇಪ್ಪತ್ತು ಮಾರು ಉದ್ದಕ್ಕೆ ಜೌಗಿನಲ್ಲಿ ಬೆಳೆಯುವ ಆಪು ಹುಲ್ಲು ಹಸಿರಾಗಿ ನಿಂತಿದ್ದನ್ನು ನಾನು ನೋಡಿದ್ದೆ. ಅದರಾಚೆಯ ಮಣ್ಣಿನ ಮೇಲೆ ಉಪ್ಪು ಚೆಲ್ಲಿದಂತೆ ಬಿಳಿ ಪೊರೆ ಇತ್ತು. ಕಾವಲುಗಾರನ ಕೋಣೆಯಲ್ಲಿ ನೇತುಹಾಕಿದ ರಬ್ಬರ್ ಬೂಟಿಗೆ ಮೊಳಕಾಲಿನವರೆಗೆ ಒಣಗಿದ ಬೂದು ಕೆಸರು ಅಂಟಿತ್ತು. ಮೂರನ್ನೂ ನೋಡಿದೆ. ನಮೂನೆಯಲ್ಲಿ ಅವಕ್ಕೆ ಅಂಕಣವಿರಲಿಲ್ಲ.

ನಮ್ಮಜ್ಜ ಬಾವಿಗೆ ಜಾಗ ಗುರುತಿಸುತ್ತಿದ್ದುದು ಮಾರ್ಚ್ ತಿಂಗಳಿನಲ್ಲೇ. ಬಾಣೆಯ, ಅಂದರೆ ಗದ್ದೆ ಮೇಲಿನ ಗುಡ್ಡದ, ಹುಲ್ಲೆಲ್ಲ ಒಣಗಿದಾಗ ಎಲ್ಲಿ ಒಂದು ತುಂಡು ಹಸಿರು ಉಳಿದಿದೆಯೋ ಅಲ್ಲಿ ಗೂಟ ಹೊಡೆಯುತ್ತಿದ್ದರು. ಮಳೆಗಾಲದಲ್ಲಿ ಅದೇ ಜಾಗದಲ್ಲಿ ಜಲ ಎದ್ದು ಅಂಗಳಕ್ಕೆ ಬರುತ್ತಿತ್ತು. ನಾನು ಸ್ಥಾವರಕ್ಕೆ ಹೋಗುವ ಹಿಂದಿನ ಆಗಸ್ಟ್‌ನಲ್ಲಿ, ಅಂದರೆ 2018ರಲ್ಲಿ, ಮಕ್ಕಂದೂರು, ಜೋಡುಪಾಲದ ಕಡೆ ನೀರು ಕುಡಿದ ಗುಡ್ಡಗಳು ಜಾರಿದ್ದು ಕೊಡಗಿನವರಾದ ನಿಮಗೆ ಹೇಳಬೇಕಾಗಿಲ್ಲ. ಇಷ್ಟೆಲ್ಲ ನೋಡಿದವನು, ಸುಣ್ಣದ ಗೆರೆಯನ್ನು ಹತ್ತು ಮಾರು ದೂರದಿಂದ ಓದುತ್ತಿದ್ದವನು, ಬೂದಿಯಿಂದ ಇಳಿದುಬಂದ ಸಲ್ಫೇಟ್ ಲವಣದ ಬಿಳಿ ಪೊರೆಯನ್ನು ತುಳಿದುಕೊಂಡು ಹೋಗಿ ಕಾರು ಹತ್ತಿದೆ. ಊರಿನ ಕಣ್ಣನ್ನು ಊರಿನಲ್ಲೇ ಬಿಟ್ಟು ಹೋಗಿದ್ದೆ.

ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ, ಮಳೆಯಲ್ಲಿ ಮನೆಗೆ ಬಂದಿದ್ದಾಗ ಫೋನ್ ಬಂತು. ಏರಿಯ ಕೆಳಗಿನ ಗದ್ದೆಗೆ ಬೂದು ನೀರು ನುಗ್ಗಿದೆ, ಬಾವಿಯ ನೀರು ರುಚಿ ಕೆಟ್ಟಿದೆ ಎಂದು ಅಲ್ಲಿನವರು ದೂರು ಕೊಟ್ಟಿದ್ದರು. ಬೇರೊಂದು ತಂಡ ಹೋಗಿ ಪರೀಕ್ಷಿಸಿದಾಗ ಬಾವಿಯಲ್ಲಿ ಬೂದಿಯಿಂದ ಇಳಿಯುವ ಸಲ್ಫೇಟೂ ಬೋರಾನೂ ಸಿಕ್ಕವು. ಕುಡಿಯುವ ನೀರಿನಲ್ಲಿ ಬೋರಾನಿಗೆ ಸ್ವೀಕಾರಾರ್ಹ ಮಿತಿ ಲೀಟರಿಗೆ 0.5 ಮಿಲಿಗ್ರಾಂ, ಅಲ್ಲಿ ಅದಕ್ಕಿಂತ ಹೆಚ್ಚೇ ಇತ್ತು. ನನ್ನ ಸಹಿಯ ಅಧಿಕಾರ ಕಿತ್ತುಕೊಂಡು ಬಾಟಲಿ ತೊಳೆಯುವ ಮೇಜಿಗೆ ಹಾಕಿದರು. ಎಂಟು ತಿಂಗಳು ತೊಳೆದೆ, ಆಮೇಲೆ ಬಿಟ್ಟು ಬಂದೆ. ಶಿಕ್ಷೆ ಹೆಚ್ಚಾಯಿತು ಎಂದು ನನಗೆ ಅನ್ನಿಸಿಲ್ಲ.

ಕಾರಣ ನನಗೆ ಆಮೇಲೆ ತಿಳಿಯಿತು. ಸ್ಥಾವರ ನಡೆಯುತ್ತಿದ್ದಾಗ ಏರಿಯ ಬುಡದಲ್ಲಿ ಜಿನುಗಿದ ನೀರನ್ನು ಒಂದು ಚರಂಡಿ ಹಿಡಿದು, ಪಂಪೊಂದು ಮರಳಿ ಕೊಳಕ್ಕೆ ಎತ್ತಿಹಾಕುತ್ತಿತ್ತು. ಘಟಕ ಮುಚ್ಚಿದಾಗ ಆ ಪಂಪಿನ ಕರೆಂಟೂ ಹೋಯಿತು, ಕೊನೆಗೆ ಪಂಪೂ ಗುಜರಿಗೆ ಹೋಯಿತು. ಬೂದಿಯ ಸಂದುಗಳಲ್ಲಿ ಕೂತ ನೀರಿಗೆ ಘಟಕ ಮುಚ್ಚಿದ್ದು ಗೊತ್ತಾಗುವುದಿಲ್ಲ. ಮೇಲೆ ಮಳೆ ಬಿದ್ದಷ್ಟೂ ಕೆಳಗೆ ಲವಣ ಕರಗಿಸಿಕೊಂಡು ಇಳಿಯುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ನಡೆಯುವ ಸ್ಥಾವರಕ್ಕಿಂತ ನಿಂತ ಸ್ಥಾವರವನ್ನು ಹೆಚ್ಚು ಅನುಮಾನದಿಂದ ನೋಡಬೇಕು. ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ ಡ್ಯಾನ್ ನದಿಯ ದಡದ ಸ್ಥಾವರ 2012ರಲ್ಲಿ ನಿಂತಿತ್ತು. 2014ರ ಫೆಬ್ರವರಿಯಲ್ಲಿ ಬೂದಿಕೊಳದ ಅಡಿಯಲ್ಲಿ ಹಾದುಹೋಗಿದ್ದ ಮಳೆನೀರಿನ ಹಳೆಯ ಲೋಹದ ಕೊಳವೆ ಒಡೆದು ಸುಮಾರು 39,000 ಟನ್ ಬೂದಿ ನದಿ ಸೇರಿತು. ಬೂದಿ ನೀರನ್ನೇ ಹೊರಬಿಡದ ಕೊಳವೆ ಅದು, ಮಳೆನೀರಿನದು. ನಿಮ್ಮ ನಮೂನೆಯಲ್ಲಿ ಅದಕ್ಕೂ ಅಂಕಣ ಇರಲಾರದು, ಆದ್ದರಿಂದ ಹಳೆಯ ನಕ್ಷೆ ಕೇಳಿ ಪಡೆಯಿರಿ, ಕೊಳದ ಅಡಿಯಲ್ಲಿ ಏನೇನು ಹಾದುಹೋಗಿದೆ ನೋಡಿ.

ಒಂದು ದಿನವೋ ಎರಡು ದಿನವೋ ಎಂಬುದು ನನಗೆ ಮುಖ್ಯವಲ್ಲ. ಯಾವ ತಿಂಗಳು ಎಂದು ಕೇಳಿ. ಬೇಸಗೆಯಲ್ಲಿ ಹೋಗಲೇಬೇಕಾದರೆ ಹೋಗಿ, ಹಸಿರನ್ನೂ ಬಿಳಿಯನ್ನೂ ಗುರುತು ಹಾಕಿಕೊಂಡು ಬನ್ನಿ. ನಾಲ್ಕು ದಿನ ಎಡೆಬಿಡದೆ ಮಳೆ ಸುರಿದ ಮೇಲೆ ಅದೇ ಗುರುತುಗಳಿಗೆ ಮತ್ತೆ ಹೋಗಿ. ಎರಡನೆಯ ಭೇಟಿಗೆ ಹಣವಿಲ್ಲ ಎಂದರೆ ಮೊದಲನೆಯದಕ್ಕೂ ಸಹಿ ಹಾಕಬೇಡಿ. ಏರಿಯ ಮೇಲೆ ಜೀಪಿನಲ್ಲಿ ಸುತ್ತಿಸುತ್ತಾರೆ, ಒಪ್ಪಬೇಡಿ. ಹೊರಬುಡದಲ್ಲಿ ಕಾಲ್ನಡಿಗೆಯಲ್ಲಿ ಪೂರ್ತಿ ಒಂದು ಸುತ್ತು ಬನ್ನಿ, ಕಲ್ಲಿದ್ದಲು ರಾಶಿ ಹಾಕುತ್ತಿದ್ದ ಅಂಗಳದ ಚರಂಡಿಯನ್ನೂ ಬಿಡಬೇಡಿ.

ಇನ್ನೊಂದು ವಿಷಯಕ್ಕೆ ನನಗೆ ಇಂದಿಗೂ ಸಿಟ್ಟಿದೆ. ಬೂದಿಕೊಳದ ಹೊರಹರಿವಿಗೆ ನಮ್ಮ ಕೇಂದ್ರ ನಿಯಮಗಳ ಪಟ್ಟಿಯಲ್ಲಿರುವುದು ಮೂರೇ ಮೂರು: ಪಿಎಚ್ 6.5ರಿಂದ 8.5, ತೇಲುವ ಘನವಸ್ತು ಲೀಟರಿಗೆ 100 ಮಿಲಿಗ್ರಾಂ, ಎಣ್ಣೆ ಮತ್ತು ಜಿಡ್ಡು 20. ಆರ್ಸೆನಿಕ್, ಸೆಲೆನಿಯಂ, ಬೋರಾನ್ ಯಾವುದೂ ಅಲ್ಲಿಲ್ಲ. ಏರಿಯ ಮಣ್ಣಿನಲ್ಲಿ ಸೋಸಿಬಂದ ನೀರು ಗಾಜಿನಂತೆ ತಿಳಿಯಾಗಿದ್ದು, ಮೂರರಲ್ಲೂ ತೇರ್ಗಡೆಯಾಗಿ, ಕೆಳಗಿನ ಬಾವಿಯನ್ನು ಕೆಡಿಸಬಲ್ಲದು. ಆದ್ದರಿಂದ ನಿಮ್ಮವರು ಕೇಳದಿದ್ದರೂ ಲೋಹಗಳ ಪರೀಕ್ಷೆಗೆ ಬೇರೆ ಬಾಟಲಿ ತುಂಬಿ. ಕರಗಿದ ಲೋಹ ಬೇಕಾದರೆ ಮೊದಲು ಸೋಸಿ, ಆಮೇಲೆ ನೈಟ್ರಿಕ್ ಆಮ್ಲ ಹಾಕಿ. ಮೊದಲು ಆಮ್ಲ ಹಾಕಿದರೆ ತೇಲುವ ಬೂದಿಯ ಕಣದೊಳಗಿನದೂ ಕರಗಿ ಲೆಕ್ಕ ಕೆಡುತ್ತದೆ. ಕೆಳಗಿನ ಎರಡು ಬಾವಿಗಳ ನೀರು, ಏರಿಗಿಂತ ಮೇಲ್ಭಾಗದ ಒಂದು ಬಾವಿಯ ನೀರು, ಇಷ್ಟಾದರೂ ಇರಲಿ. ಮೇಲಿನದಿಲ್ಲದೆ ಕೆಳಗಿನದನ್ನು ಯಾವುದಕ್ಕೆ ಹೋಲಿಸುತ್ತೀರಿ?

ಖಾಸಗಿ ಪ್ರಯೋಗಾಲಯದವರಾದ ನಿಮ್ಮ ಬಾಟಲಿಗೆ ನ್ಯಾಯಾಲಯದಲ್ಲಿ ತೂಕ ಕಡಿಮೆ ಎಂಬುದೂ ನೆನಪಿರಲಿ. 1974ರ ಜಲ ಕಾಯಿದೆಯ 21ನೇ ಕಲಮಿನಂತೆ ನೋಟಿಸು ಕೊಟ್ಟು, ಎರಡು ಭಾಗ ಮಾಡಿ, ಮೊಹರು ಹಾಕಿ ಸಂಗ್ರಹಿಸಿದ ಮಾದರಿಯೇ ಅಲ್ಲಿ ನಿಲ್ಲುತ್ತದೆ. ಅನುಮಾನ ಗಟ್ಟಿಯಾದರೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯಿರಿ ಎಂದು ವರದಿಯಲ್ಲೇ ಹೇಳಿ.

ಪಿಎಚ್ ಮೀಟರ್ ಯಾವುದಾದರೂ ಆದೀತು. ಮೀಟರನ್ನು ಸರಿಹೊಂದಿಸುವ ಬಫರ್ ದ್ರಾವಣ ಹೊಸದಾಗಿರಲಿ, ಅಳತೆ ಸ್ಥಳದಲ್ಲೇ ಮಾಡಿ. ಉಳಿದ ಹಣಕ್ಕೆ ಮೊಳಕಾಲಿನವರೆಗಿನ ರಬ್ಬರ್ ಬೂಟು ಕೊಳ್ಳಿ. ಅಷ್ಟರಲ್ಲಿ ಕುಶಾಲನಗರದಲ್ಲಿ ಸಿಗದಿದ್ದರೆ ನನ್ನದು ಒಂದು ಜೊತೆ ಇದೆ, ಒಂಬತ್ತು ನಂಬರಿನದು, ಬಲಗಾಲಿನದು ಸ್ವಲ್ಪ ಸೋರುತ್ತದೆ.