ಗೋಡೆಗೆ ಚಿತ್ರ ಬರೆಸಿದವರು, ಗೋಡೆಗೆ ಸುಣ್ಣ ಹೊಡೆದವರು

ಹೋದ ಸಂಚಿಕೆಯ ಕೊನೆಯಲ್ಲಿ ‘ಯೂರೋಪಿನ ಪುನರುಜ್ಜೀವನ ಕಾಲದ ಬಗ್ಗೆ ಅನುಮಾನ ಇದ್ದರೆ ಕೇಳಿ’ ಅಂತ ಸುಮ್ನೆ ಒಂದು ಸಾಲು ಹಾಕಿದ್ದೆ. ಪತ್ರಗಳು ಬಂದವು ನೋಡಿ, ಮೇಜಿನ ಮೇಲೆ ಕಾಫಿ ಲೋಟ ಇಡಲು ಜಾಗ ಇಲ್ಲ. ಅರ್ಧಕ್ಕರ್ಧ ಪಿಯುಸಿ ಮಕ್ಕಳ ಅಪ್ಪ ಅಮ್ಮಂದಿರದು. ಏಳು ಪ್ರಶ್ನೆ ಆರಿಸಿದ್ದೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮಗಳ ಪುಸ್ತಕದಲ್ಲಿ 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದರು, ಅದರಿಂದ ಪುನರುಜ್ಜೀವನ ಶುರುವಾಯಿತು ಅಂತ ಇದೆ. ಒಂದು ಊರು ಬಿದ್ದರೆ ಇನ್ನೊಂದು ಊರಿನಲ್ಲಿ ಚಿತ್ರ ಹೇಗೆ ಚೆನ್ನಾಗಿ ಬರುತ್ತೆ ಸಾರ್? (ಗೃಹಿಣಿ, ರಾಜಾಜಿನಗರ)

ಉತ್ತರ: ಒಳ್ಳೆ ಅನುಮಾನ. ಆದರೆ ಮಗಳು ಪರೀಕ್ಷೆಯಲ್ಲಿ 1453 ಅಂತಲೇ ಬರೆಯಲಿ ತಾಯಿ, ಮಾರ್ಕ್ಸ್ ಹೋಗುವುದು ಬೇಡ.

ಪುನರುಜ್ಜೀವನ ಅಂದರೆ ಗ್ರೀಕ್, ರೋಮನ್ನರ ಹಳೆಯ ವಿದ್ಯೆ, ಕಲೆ ಮತ್ತೆ ಚಿಗುರಿದ ಕಾಲ. ಊರು ಬಿದ್ದಾಗ ಗ್ರೀಕ್ ಪಂಡಿತರು ಪುಸ್ತಕ ಹೊತ್ತು ಇಟಲಿಗೆ ಬಂದರು, ಅದರಿಂದಲೇ ಶುರುವಾಯಿತು ಅನ್ನುವುದು ಪಠ್ಯಪುಸ್ತಕದ ವಾದ. ಇಸವಿಗಳನ್ನು ಸಾಲಾಗಿ ಇಟ್ಟು ನೋಡಿ. ಇಟಲಿಯ ಕವಿ ಪೆಟ್ರಾರ್ಕ್ ವೆರೋನಾದಲ್ಲಿ ಪ್ರಾಚೀನ ರೋಮಿನ ವಾಗ್ಮಿ ಸಿಸೆರೊನ ಹಳೆಯ ಪತ್ರಗಳನ್ನು ಹುಡುಕಿ ತೆಗೆದದ್ದು 1345ರಲ್ಲಿ. ಕ್ರಿಸೊಲೊರಾಸ್ ಎಂಬ ವಿದ್ವಾಂಸ ಕಾನ್‌ಸ್ಟಾಂಟಿನೋಪಲ್‌ನಿಂದಲೇ ಇಟಲಿಯ ಫ್ಲಾರೆನ್ಸ್‌ಗೆ ಬಂದು ಗ್ರೀಕ್ ಪಾಠ ಶುರು ಮಾಡಿದ್ದು 1397ರಲ್ಲಿ. ಚಿತ್ರಕಾರ ಮಸಾಚಿಯೊ ಸತ್ತದ್ದು 1428ರಲ್ಲಿ, ಮೂವತ್ತು ಕೂಡ ತುಂಬಿರಲಿಲ್ಲ. ಅಷ್ಟರಲ್ಲಿ ಚಪ್ಪಟೆ ಗೋಡೆಯ ಮೇಲೆ ಒಳಗೆ ಕೈ ಹಾಕಬಹುದು ಅನ್ನಿಸುವಂಥ ಆಳ ತೋರಿಸಿ ಹೋಗಿದ್ದ. ಬ್ರುನೆಲೆಸ್ಕಿ ಫ್ಲಾರೆನ್ಸ್ ದೊಡ್ಡ ಚರ್ಚಿನ ಗುಮ್ಮಟ ಮುಗಿಸಿದ್ದು 1436ರಲ್ಲಿ. ಇಷ್ಟೂ 1453ಕ್ಕಿಂತ ಮುಂಚೆ. ಆಮೇಲೆ ಇನ್ನಷ್ಟು ಗ್ರೀಕ್ ಪಂಡಿತರು, ಇನ್ನಷ್ಟು ಪುಸ್ತಕ ಬಂದದ್ದು ನಿಜ. ಆದರೆ ಒಲೆ ಆಗಲೇ ಉರಿಯುತ್ತಿತ್ತು, ಇವರು ಬಂದು ಇನ್ನೆರಡು ಸೌದೆ ಹಾಕಿದರು ಅಷ್ಟೆ.

ಪ್ರಶ್ನೆ: ಅಷ್ಟು ದೊಡ್ಡ ದೊಡ್ಡ ಚಿತ್ರಗಳಿಗೆ ದುಡ್ಡು ಕೊಟ್ಟವರು ಯಾರು? ರೇಟು ಹೇಗೆ ಮಾತಾಡುತ್ತಿದ್ದರು? (ಜವಳಿ ವ್ಯಾಪಾರಿ, ಚಿಕ್ಕಪೇಟೆ)

ಉತ್ತರ: ನಿಮ್ಮಂಥವರೇ ಕೊಟ್ಟರು ಸ್ವಾಮಿ. ಫ್ಲಾರೆನ್ಸ್ ಬಟ್ಟೆ ವ್ಯಾಪಾರದ ಊರು. ಉಣ್ಣೆ, ರೇಷ್ಮೆ, ಅದರ ಬೆನ್ನಿಗೆ ಬ್ಯಾಂಕು. ಬಡ್ಡಿ ತೆಗೆದುಕೊಳ್ಳುವುದು ಆಗ ದೊಡ್ಡ ಪಾಪ. ಬಡ್ಡಿ ಇಲ್ಲದೆ ಬ್ಯಾಂಕು ನಡೆಯುವುದಿಲ್ಲ. ಹಾಗಾಗಿ ದುಡ್ಡು ಮಾಡಿದವರಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಬೆಳಿಗ್ಗೆ ಎದ್ದು ಚರ್ಚಿಗೆ ಚಿತ್ರ ಬರೆಸುತ್ತಿದ್ದರು. ಪಾದುವಾದಲ್ಲಿ ಸ್ಕ್ರೊವೆನ್ಯಿ ಮನೆತನದ ಯಜಮಾನನನ್ನು ಕವಿ ಡಾಂಟೆ ಬಡ್ಡಿ ವ್ಯಾಪಾರಕ್ಕಾಗಿ ನರಕದಲ್ಲೇ ಕೂರಿಸಿಬಿಟ್ಟ. ಅವನ ಮಗ ಎನ್ರಿಕೊ ಒಂದು ಪ್ರಾರ್ಥನಾ ಮಂದಿರ ಕಟ್ಟಿಸಿ, 1305ರ ಆಸುಪಾಸಿನಲ್ಲಿ ಜೊತ್ತೊ ಕೈಯಲ್ಲಿ ಒಳಗೋಡೆಯ ತುಂಬ ಚಿತ್ರ ಬರೆಸಿದ. ಆ ಚಿತ್ರದಲ್ಲಿ ಎನ್ರಿಕೊ ತಾನೇ ಮಂಡಿಯೂರಿ, ಮಂದಿರದ ಮಾದರಿಯನ್ನು ಯೇಸುವಿನ ತಾಯಿ ಮರಿಯಮ್ಮನಿಗೆ ಒಪ್ಪಿಸುತ್ತಿದ್ದಾನೆ. ಕಾಣಿಕೆಯೂ ಆಯಿತು, ರಸೀತಿಯೂ ಆಯಿತು.

ಇನ್ನು ರೇಟು. ಫ್ಲಾರೆನ್ಸ್‌ನಲ್ಲಿ ರೇಷ್ಮೆ ವ್ಯಾಪಾರಿಗಳ ಸಂಘ ಅನಾಥ ಮಕ್ಕಳಿಗೆ ಒಂದು ಆಸರೆಮನೆ ಕಟ್ಟಿಸಿತ್ತು. ಅಲ್ಲಿಯ ಚಿತ್ರಕ್ಕೆ 1485ರಲ್ಲಿ ಗಿರ್ಲಾಂಡಾಯೊ ಜೊತೆ ಕರಾರು ಆಯಿತು. ಮೂವತ್ತು ತಿಂಗಳ ಗಡುವು, ಒಟ್ಟು 115 ಫ್ಲಾರಿನ್ (ಅಲ್ಲಿಯ ಚಿನ್ನದ ನಾಣ್ಯ), ಬಣ್ಣದ ಖರ್ಚು ಕಲಾವಿದನದೇ. ನೀಲಿ ಮಾತ್ರ ಔನ್ಸಿಗೆ ನಾಲ್ಕು ಫ್ಲಾರಿನ್ನಿನ ನೀಲಿಯೇ ಆಗಬೇಕು ಅಂತ ಬರೆದಿಟ್ಟಿದ್ದಾರೆ! ನಿಮ್ಮ ಅಂಗಡಿಗೆ ಬಂದ ಹೆಂಗಸರು ‘ಜರಿ ಅಸಲಿನಾ?’ ಅಂತ ಎರಡು ಸಲ ಕೇಳುವುದಿಲ್ವಾ, ಹಾಗೆ. ಯಾಕೆಂದರೆ ಒಳ್ಳೆ ನೀಲಿ ಅಫ್ಘಾನಿಸ್ತಾನದ ಬದಕ್ಷಾನದ ಗಣಿಯಿಂದ ಬರುತ್ತಿದ್ದ ಲಾಜವರ್ದ ಕಲ್ಲನ್ನು ಅರೆದು ಮಾಡಿದ್ದು. ಕಡಲಾಚೆಯಿಂದ ಬಂದದ್ದು ಅಂತಲೇ ಅದಕ್ಕೆ ‘ಅಲ್ಟ್ರಾಮರಿನ್’ ಅನ್ನುವ ಹೆಸರು. ಮರಿಯಮ್ಮನ ಹೊದಿಕೆ ಯಾಕೆ ಯಾವಾಗಲೂ ನೀಲಿ ಅಂತ ಇನ್ನೊಬ್ಬರು ಕೇಳಿದ್ದರು. ಇದೂ ಒಂದು ಕಾರಣ: ಇದ್ದುದರಲ್ಲಿ ದುಬಾರಿ ಬಟ್ಟೆ ಅಮ್ಮನಿಗೆ.

ಪ್ರಶ್ನೆ: ಮೈಕೆಲೆಂಜೆಲೊ ನಾಲ್ಕು ವರ್ಷ ಅಂಗಾತ ಮಲಗಿ ಚಾವಣಿಗೆ ಚಿತ್ರ ಬರೆದನಂತೆ, ನಿಜವಾ? ಐನೂರು ವರ್ಷ ಆದರೂ ಅದು ಹೋಗಿಲ್ಲ. ನಮ್ಮನೆ ಗೋಡೆಯ ಪೇಂಟ್ ಎರಡೇ ಮಳೆಗಾಲಕ್ಕೆ ಎದ್ದು ಬರುತ್ತೆ. (ನಿವೃತ್ತ ಬ್ಯಾಂಕ್ ನೌಕರರು, ಬನಶಂಕರಿ)

ಉತ್ತರ: ಮಲಗಿ ಅಲ್ಲ, ನಿಂತು. 1508ರಿಂದ 1512ರವರೆಗೆ, ರೋಮಿನಲ್ಲಿ ಪೋಪನ ಸಿಸ್ಟೀನ್ ಪ್ರಾರ್ಥನಾ ಮಂದಿರದಲ್ಲಿ, ಸಾರುವೆ ಮೇಲೆ ಕತ್ತು ಹಿಂದಕ್ಕೆ ಬಾಗಿಸಿ ನಿಂತೇ ಬರೆದ. ಅದರ ಬಗ್ಗೆ ಗೆಳೆಯನಿಗೆ ಒಂದು ತಮಾಷೆ ಪದ್ಯವನ್ನೂ ಬರೆದಿದ್ದಾನೆ: ಗಡ್ಡ ಆಕಾಶಕ್ಕೆ ತಿರುಗಿದೆ, ಕುಂಚದಿಂದ ಬಣ್ಣ ಮುಖಕ್ಕೆ ತೊಟ್ಟಿಕ್ಕುತ್ತಿದೆ, ನಾನು ಚಿತ್ರಕಾರನೇ ಅಲ್ಲ ಅಂತ ಗೋಳು. ಪಕ್ಕದಲ್ಲಿ ತನ್ನದೇ ಒಂದು ಗೀಚುಚಿತ್ರ, ನಿಂತು ಮೇಲಕ್ಕೆ ಕೈ ಚಾಚಿದ್ದು.

ಗೋಡೆಯ ವಿಷಯ ನನಗೂ ಹೊಟ್ಟೆಕಿಚ್ಚು. ಹೋದ ವರ್ಷ ನಮ್ಮ ಬಾಡಿಗೆ ಮನೆಯಲ್ಲಿ ಬಚ್ಚಲ ಪಕ್ಕದ ಗೋಡೆಗೆ, ಹಸಿ ಆರುವ ಮೊದಲೇ ಪುಟ್ಟಿ ಬಳಿದು ಪೇಂಟ್ ಹೊಡೆದು ಹೋದರು. ಈಗ ಅಲ್ಲಿ ಹಪ್ಪಳ ಎದ್ದಿದೆ. ಇಟಲಿಯವರು ಮಾಡಿದ್ದೂ ಹಸಿ ಗೋಡೆಯ ಮೇಲೇನೇ, ಆದರೆ ಅದು ಸುಣ್ಣದ ಗಾರೆ. ಗಾರೆ ಹಸಿ ಇರುವಾಗಲೇ ಬರೀ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಮತ್ತೆ ಸುಣ್ಣದ ಕಲ್ಲಾಗುತ್ತದೆ, ಬಣ್ಣ ಆ ಕಲ್ಲಿನೊಳಗೇ ಸಿಕ್ಕಿಬೀಳುತ್ತದೆ. ಮೇಲೆ ಬಳಿದದ್ದಾದರೆ ತಾನೇ ಎದ್ದು ಬರುವುದು. ಆದರೆ ಗಾರೆ ಗಂಟೆಗಳಲ್ಲಿ ಗಟ್ಟಿಯಾಗುತ್ತದಲ್ಲ, ಹಾಗಾಗಿ ಆ ದಿನ ಬರೆದು ಮುಗಿಸುವಷ್ಟೇ ಜಾಗಕ್ಕೆ ಗಾರೆ ಹಾಕಬೇಕು. ಆ ತುಂಡಿಗೆ ‘ಜೊರ್ನಾತ’ ಅನ್ನುತ್ತಾರೆ, ಅಂದರೆ ಒಂದು ದಿನದ ಕೆಲಸ. ತಪ್ಪಾದರೆ ಅಳಿಸುವ ಹಾಗಿಲ್ಲ, ಉಳಿಯಲ್ಲಿ ಕೆತ್ತಿ ತೆಗೆದು ಹೊಸದಾಗಿ ಹಾಕಬೇಕು. ಮೈಕೆಲೆಂಜೆಲೊನ ಗೋಡೆಗೂ ಶುರುವಿನಲ್ಲಿ ಗಾರೆಗೆ ನೀರು ಜಾಸ್ತಿಯಾಗಿ ಬೂಷ್ಟು ಬಂದಿತ್ತು.

ಲಿಯೊನಾರ್ಡೊಗೆ ಈ ಅವಸರ ಒಗ್ಗಲಿಲ್ಲ. ಅವನಿಗೆ ದಿನಗಟ್ಟಲೆ ನೋಡಿ, ತಿದ್ದಿ, ಮತ್ತೆ ನೋಡಬೇಕು. ಮಿಲಾನಿನ ಮಠದ ಊಟದ ಮನೆಯಲ್ಲಿ 1495ರಿಂದ 1498ರವರೆಗೆ ಯೇಸುವಿನ ಕೊನೆಯ ಊಟದ ಚಿತ್ರವನ್ನು ಒಣಗಿದ ಗೋಡೆಯ ಮೇಲೆ ಬರೆದ. ಅವನು ಬದುಕಿದ್ದಾಗಲೇ ಉದುರಲು ಶುರುವಾಯಿತು. ಹಾಗಾಗಿ ಗೋಡೆ ಹಪ್ಪಳ ಎದ್ದಿದೆ ಅಂತ ಜಾಸ್ತಿ ನೊಂದುಕೊಳ್ಳಬೇಡಿ, ಒಳ್ಳೆ ಜೊತೆ ಇದೆ.

ಪ್ರಶ್ನೆ: ಮಾನವತಾವಾದ ಅಂದರೆ ದೇವರು ಬೇಡ, ಮನುಷ್ಯ ಸಾಕು ಅನ್ನುವುದೇ? (ಪ್ರೌಢಶಾಲೆ ಶಿಕ್ಷಕರು, ಯಲಹಂಕ)

ಉತ್ತರ: ಈ ತಪ್ಪಿಗೆ ಆ ಪದವೇ ಕಾರಣ ಮೇಷ್ಟ್ರೇ. ಆ ಕಾಲದ ಮಾನವತಾವಾದಿಗಳಲ್ಲಿ ಹೆಚ್ಚಿನವರು ದೇವಭಕ್ತರೇ, ಕೆಲವರು ಪೋಪನ ಕಚೇರಿಯಲ್ಲೇ ಸಂಬಳ ತಿನ್ನುತ್ತಿದ್ದವರು. ಅವರ ಕಸುಬು ಭಾಷೆ, ವ್ಯಾಕರಣ, ಇತಿಹಾಸ, ಕಾವ್ಯ. ಅವರಿಗಿದ್ದ ಹಟ ಒಂದೇ: ಯಾರೋ ಹೇಳಿದ್ದು ಬೇಡ, ಮೂಲ ತೆಗೆದು ನೋಡು.

ನಮ್ಮಲ್ಲಿ ಶಾಸನ ಓದುವವರು ‘ಕೂಟಶಾಸನ’ ಅನ್ನುತ್ತಾರಲ್ಲ, ಹಳೆಯ ರಾಜನ ಹೆಸರಲ್ಲಿ ಆಮೇಲೆ ಯಾರೋ ಮಾಡಿಸಿದ ಸುಳ್ಳು ಶಾಸನ. ಅಕ್ಷರದ ರೂಪ, ಭಾಷೆ, ಇಸವಿ ಹೊಂದದಿದ್ದರೆ ಸಿಕ್ಕಿಬೀಳುತ್ತದೆ. ಇಟಲಿಯ ಪಂಡಿತ ಲೊರೆಂಜೊ ವಾಲ್ಲಾ 1440ರಲ್ಲಿ ಮಾಡಿದ್ದು ಅದನ್ನೇ. ನಾಲ್ಕನೇ ಶತಮಾನದ ಚಕ್ರವರ್ತಿ ಕಾನ್‌ಸ್ಟಂಟೈನ್ ಪಶ್ಚಿಮದ ರಾಜ್ಯವನ್ನೆಲ್ಲ ಪೋಪನಿಗೆ ಬರೆದುಕೊಟ್ಟ ಅನ್ನುವ ಒಂದು ದಾನಪತ್ರ ಇತ್ತು. ಅದರಲ್ಲಿ ರೋಮಿನ ಅಧಿಕಾರಿಗಳ ಜೊತೆ ‘ಸತ್ರಪ’ರೂ ಬರುತ್ತಾರೆ, ಅಂದರೆ ಪರ್ಷಿಯಾದ ಪ್ರಾಂತಗಳ ಅಧಿಕಾರಿಗಳು. ರೋಮಿನಲ್ಲಿ ಸತ್ರಪರು ಎಲ್ಲಿಂದ ಬಂದರಯ್ಯ ಅಂತ ವಾಲ್ಲಾ ಹಿಡಿದ. ಲ್ಯಾಟಿನ್ನೂ ಆ ಕಾಲದ್ದಲ್ಲ. ಪತ್ರ ಖೋಟಾ. (ವಾಲ್ಲಾ ಆಗ ಕೆಲಸಕ್ಕಿದ್ದದ್ದು ಪೋಪನ ಜೊತೆ ಜಗಳದಲ್ಲಿದ್ದ ಒಬ್ಬ ರಾಜನ ಹತ್ತಿರ. ಅದನ್ನೂ ನೆನಪಿಡಿ. ಆದರೆ ಜಗಳದಲ್ಲಿ ಹೇಳಿದ ಮಾತ್ರಕ್ಕೆ ಸುಳ್ಳಾಗುವುದಿಲ್ಲ.)

ಹಾಲೆಂಡಿನ ಪಂಡಿತ ಎರಾಸ್ಮಸ್ ಇದೇ ಹಟವನ್ನು ಬೈಬಲ್‌ಗೆ ತಂದ. 1516ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿ ಹೊಸ ಒಡಂಬಡಿಕೆಯ ಗ್ರೀಕ್ ಮೂಲವನ್ನು ಅಚ್ಚು ಹಾಕಿಸಿದ. ಸಿಕ್ಕ ಹಸ್ತಪ್ರತಿಯಲ್ಲಿ ಕೊನೆಯ ಹಾಳೆ ಇರಲಿಲ್ಲ, ಅವಸರ ಬೇರೆ. ಕೊನೆಯ ಆರು ವಚನಗಳನ್ನು ಲ್ಯಾಟಿನ್‌ನಿಂದ ತಾನೇ ಗ್ರೀಕ್‌ಗೆ ತಿರುಗಿಸಿಬಿಟ್ಟ! ಮೂಲ ನೋಡು ಅಂದವನೇ. ಇರಲಿ, ಅದರಿಂದ ಬಂದ ಫಲ ದೊಡ್ಡದು. ಲ್ಯಾಟಿನ್ ಬೈಬಲ್‌ನಲ್ಲಿ ಯೇಸು ‘ಪ್ರಾಯಶ್ಚಿತ್ತ ಮಾಡಿ’ ಅನ್ನುವ ಹಾಗೆ ಓದಿಕೊಳ್ಳಬಹುದಾಗಿದ್ದ ಮಾತು, ಗ್ರೀಕ್‌ನಲ್ಲಿ ‘ಮನಸ್ಸು ತಿರುಗಿಸಿಕೊಳ್ಳಿ’ ಅಂತ ಇತ್ತು. ಪ್ರಾಯಶ್ಚಿತ್ತ ಆದರೆ ಪಾದ್ರಿ ಬೇಕು, ಲೆಕ್ಕ ಇರುತ್ತದೆ, ಖರ್ಚು ಇರುತ್ತದೆ. ಮನಸ್ಸು ತಿರುಗಿಸುವುದಕ್ಕೆ ಯಾರ ರಸೀತಿ ಬೇಕು? ಜರ್ಮನಿಯ ಸನ್ಯಾಸಿ ಮಾರ್ಟಿನ್ ಲೂಥರ್ 1517ರಲ್ಲಿ ಚರ್ಚಿನ ನಡತೆಯನ್ನು ಪ್ರಶ್ನಿಸಿ ಬರೆದ 95 ಅಂಶಗಳಲ್ಲಿ ಮೊದಲನೆಯದು ಈ ಮಾತಿನ ಬಗ್ಗೆಯೇ.

ಪ್ರಶ್ನೆ: ನಮ್ಮ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಮಾತೆಗೆ ಸೀರೆ ಉಡಿಸುತ್ತಾರೆ, ಸೆಪ್ಟೆಂಬರಿನಲ್ಲಿ ತೇರೂ ಎಳೆಯುತ್ತಾರೆ. ಕಾರ್ಪೊರೇಷನ್ ಹತ್ತಿರದ ಹಡ್ಸನ್ ಚರ್ಚಿಗೆ ಒಂದು ಮದುವೆಗೆ ಹೋಗಿದ್ದೆ, ಅಲ್ಲಿ ಆ ಥರದ್ದೇನೂ ಕಾಣಲಿಲ್ಲ. ಇಬ್ಬರೂ ಕ್ರೈಸ್ತರೇ ಅಲ್ವಾ? (ಆಟೋ ಚಾಲಕರು, ಶಿವಾಜಿನಗರ)

ಉತ್ತರ: ಇಡೀ ಮತ ಸುಧಾರಣೆಯನ್ನು ಮೀಟರ್ ಹಾಕದೆ ಸುತ್ತಿ ಬಂದಿದ್ದೀರಿ. ಬೆಸಿಲಿಕಾ ರೋಮಿನ ಪೋಪನ ಕಡೆಯದು, ಹಡ್ಸನ್ ಚರ್ಚು ಅದನ್ನು ಬಿಟ್ಟುಬಂದ ಪ್ರಾಟೆಸ್ಟಂಟರದು.

ಜಗಳ ಶುರುವಾದದ್ದು ಪ್ರತಿಮೆಯಿಂದಲ್ಲ, ಸಾಲದಿಂದ. ಜರ್ಮನಿಯ ಆಲ್ಬ್ರೆಕ್ಟ್ ಎಂಬ ಯುವಕ ಮೈಂಟ್ಸ್‌ನ ಆರ್ಚ್‌ಬಿಷಪ್ ಆಗಲು ರೋಮಿಗೆ ದೊಡ್ಡ ಮೊತ್ತ ಕಟ್ಟಬೇಕಾಯಿತು. ಫುಗ್ಗರ್ ಎಂಬ ಬ್ಯಾಂಕಿನವರಿಂದ ಸಾಲ ಮಾಡಿದ. ತೀರಿಸಲು ದಾರಿ ಕ್ಷಮಾಪಣಾ ಪತ್ರ. ಕೊಂಡರೆ ಸತ್ತ ಮೇಲೆ ಅನುಭವಿಸಬೇಕಾದ ಶಿಕ್ಷೆ ಕಡಿಮೆ. ಬಂದ ಹಣದಲ್ಲಿ ಅರ್ಧ ಫುಗ್ಗರ್‌ಗೆ, ಅರ್ಧ ರೋಮಿನಲ್ಲಿ ಕಟ್ಟುತ್ತಿದ್ದ ಸೇಂಟ್ ಪೀಟರ್ಸ್ ಚರ್ಚಿಗೆ. ಪೋಪ್ ಹತ್ತನೇ ಲಿಯೊ ಯಾರು ಅಂತೀರಿ? ಫ್ಲಾರೆನ್ಸ್‌ನ ಬ್ಯಾಂಕಿನ ಮನೆತನ ಮೆಡಿಚಿಯ ಹುಡುಗ. ಚಿತ್ರ ಬರೆಸಿದ ದುಡ್ಡೂ, ಲೂಥರ್‌ಗೆ ಕೋಪ ಬರಿಸಿದ ದುಡ್ಡೂ ಒಂದೇ ಕೇರಿಯದು.

ಲೂಥರ್ ಮಾತ್ರ ಚಿತ್ರ ಒಡೆಯಿರಿ ಅನ್ನಲಿಲ್ಲ. ಅವನು ಅಡಗಿದ್ದಾಗ ವಿಟೆನ್‌ಬರ್ಗ್‌ನಲ್ಲಿ ಜನ ಪ್ರತಿಮೆಗಳ ಮೇಲೆ ಕೈ ಮಾಡಿದ್ದನ್ನು ಕೇಳಿ, 1522ರ ಮಾರ್ಚ್‌ನಲ್ಲಿ ಓಡಿಬಂದು ನಿಲ್ಲಿಸಿದ. ಕ್ರನಾಕ್ ಎಂಬ ಚಿತ್ರಕಾರನಂತೂ ಅವನ ಆಪ್ತ ಗೆಳೆಯ. ಸ್ವಿಟ್ಜರ್ಲೆಂಡಿನ ಜ್ಯೂರಿಚ್‌ನ ಪಾದ್ರಿ ಜ್ವಿಂಗ್ಲಿ ಬೇರೆ ಥರ. ಎರಾಸ್ಮಸ್‌ನ ಅದೇ ಗ್ರೀಕ್ ಪುಸ್ತಕದಿಂದ ಸಂತ ಪೌಲನ ಪತ್ರಗಳನ್ನು ಕೈಯಾರೆ ನಕಲು ಮಾಡಿಕೊಂಡು ಓದಿದವನು. ವಿಗ್ರಹ ಬೇಡ ಅಂತ ಮೂಲದಲ್ಲೇ ಇದೆಯಲ್ಲ ಅಂದ. 1524ರಲ್ಲಿ ಜ್ಯೂರಿಚ್‌ನ ಚರ್ಚುಗಳಿಂದ ಪ್ರತಿಮೆ, ಚಿತ್ರ ಎಲ್ಲ ಇಳಿಸಿ ಗೋಡೆಗೆ ಸುಣ್ಣ ಹೊಡೆಸಿದರು. ನನಗೆ ಇಲ್ಲಿ ಪ್ರತಿ ಸಲ ಮನಸ್ಸು ತಡೆಯುತ್ತದೆ. ಕಣ್ಣಾರೆ ನೋಡು ಅನ್ನುವ ಹಟ ಗೋಡೆ ತುಂಬ ಚಿತ್ರ ತಂದಿತು. ಮೂಲ ನೋಡು ಅನ್ನುವ ಅದೇ ಹಟ ಅವನ್ನು ಇಳಿಸಿತು. ಕೂಲಿಯವರು ಕಲಸಿದ್ದು ಎರಡು ಸಲವೂ ಸುಣ್ಣವೇ.

ಪ್ರಶ್ನೆ: ಬಸವಣ್ಣನವರನ್ನು ಭಾರತದ ಲೂಥರ್ ಅನ್ನಬಹುದಾ? (ವಿದ್ಯಾರ್ಥಿ, ಮಲ್ಲೇಶ್ವರ)

ಉತ್ತರ: ಮೂರೂವರೆ ಶತಮಾನ ಮೊದಲು ಬಂದವರಿಗೆ ಆಮೇಲೆ ಬಂದವರ ಹೆಸರು ಯಾಕಪ್ಪಾ? ಇಬ್ಬರೂ ಜನರ ನುಡಿಯಲ್ಲೇ ಮಾತಾಡಿದರು, ಅಷ್ಟು ಹೋಲಿಕೆ ಸಾಕು. 1525ರಲ್ಲಿ ಜರ್ಮನಿಯ ರೈತರು ದಂಗೆ ಎದ್ದಾಗ ಲೂಥರ್ ದೊರೆಗಳ ಪರ ನಿಂತ. ನಂಟು ಬೇಕೇ ಬೇಕೆಂದರೆ ಹೀಗೆ ಹಿಡಿ: ಎರಾಸ್ಮಸ್ ಪುಸ್ತಕ ಅಚ್ಚಾದ ಬಾಸೆಲ್‌ನಿಂದಲೇ ಮುಂದೆ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. ಜನರಿಗೆ ಅವರ ನುಡಿಯಲ್ಲೇ ಹೇಳಬೇಕು ಅನ್ನುವ ಲೂಥರನ ಪಾಠ ಕಲಿತು ಬಂದ ಕಿಟೆಲ್, 1894ರಲ್ಲಿ ನಮಗೆ ನಿಘಂಟು ಕೊಟ್ಟರು.

ಪ್ರಶ್ನೆ: ಇಷ್ಟೆಲ್ಲ ಆದಾಗ ರೋಮಿನವರು ಸುಮ್ನೆ ಇದ್ದರಾ? (ಚಿತ್ರಕಲಾ ವಿದ್ಯಾರ್ಥಿನಿ, ಜಯನಗರ)

ಉತ್ತರ: ಎಲ್ಲಿ ಬಂತು. 1545ರಿಂದ 1563ರವರೆಗೆ ಟ್ರೆಂಟ್ ಊರಿನಲ್ಲಿ ಬಿಟ್ಟು ಬಿಟ್ಟು ಸಭೆ ನಡೆಸಿದರು. ಚಿತ್ರ ಇರಲಿ, ಆದರೆ ಅಸಭ್ಯ ಇರಬಾರದು ಅಂತ ತೀರ್ಮಾನವಾಯಿತು. ಮೈಕೆಲೆಂಜೆಲೊ ಬರೆದಿದ್ದ ಕೊನೆಯ ತೀರ್ಪಿನ ದೊಡ್ಡ ಚಿತ್ರದ ಬೆತ್ತಲೆ ಮೈಗಳಿಗೆ, ಅವನು ಸತ್ತ ಮೇಲೆ, ಅವನ ಶಿಷ್ಯನಂತಿದ್ದ ದಾನಿಯೆಲೆ ದ ವೊಲ್ತೆರ್ರಾ ಕೈಯಲ್ಲೇ ಬಟ್ಟೆ ಬರೆಸಿದರು. ಪಾಪ, ಅವನಿಗೆ ‘ಚಡ್ಡಿ ಬರೆಯುವವನು’ ಅಂತಲೇ ಅಡ್ಡಹೆಸರು ನಿಂತಿತು.

ನನಗೆ ಇಷ್ಟವಾದದ್ದು ವೆರೊನೀಸ್‌ನ ಪ್ರಸಂಗ. ವೆನಿಸ್‌ನ ಒಂದು ಮಠದ ಊಟದ ಮನೆಗೆ ಯೇಸುವಿನ ಕೊನೆಯ ಊಟದ ಚಿತ್ರ ಬರೆದುಕೊಟ್ಟ, ಸುಮಾರು 13 ಮೀಟರ್ ಅಗಲ. ಅಷ್ಟು ಜಾಗ ಇದೆಯಲ್ಲ ಅಂತ ಗಿಳಿ ಹಿಡಿದ ವಿದೂಷಕ, ಮೂಗಿನಿಂದ ರಕ್ತ ಸುರಿಯುತ್ತಿರುವ ಆಳು, ಜರ್ಮನ್ ವೇಷದ ಸಿಪಾಯಿಗಳು, ಮುಂದುಗಡೆ ಒಂದು ನಾಯಿ, ಎಲ್ಲ ತುಂಬಿಸಿದ. 1573ರ ಜುಲೈನಲ್ಲಿ ಧರ್ಮ ವಿಚಾರಣೆಯವರು ಕರೆಸಿ ಕೇಳಿದರು: ಇವರನ್ನೆಲ್ಲ ಊಟಕ್ಕೆ ಕರೆದವರು ಯಾರು? ಅದರಲ್ಲೂ ಜರ್ಮನರು? ಜರ್ಮನರು ಅಂದರೆ ಆಗ ಲೂಥರ್ ಕಡೆಯವರು ಅಂತಲೇ ಅನುಮಾನ. ಕವಿಗಳಿಗೂ ಹುಚ್ಚರಿಗೂ ಇರುವ ಸಲಿಗೆ ನಮ್ಮಂಥ ಚಿತ್ರಕಾರರಿಗೂ ಇದೆ ಅನ್ನುವ ಅರ್ಥದಲ್ಲಿ ಅವನು ಉತ್ತರ ಕೊಟ್ಟ. ಮೂರು ತಿಂಗಳಲ್ಲಿ ನಿನ್ನ ಖರ್ಚಿನಲ್ಲೇ ತಿದ್ದು ಅಂತ ಆಜ್ಞೆಯಾಯಿತು.

ಅವನು ತಿದ್ದಿದ್ದು ಹೆಸರನ್ನು. ಕೊನೆಯ ಊಟ ಹೋಗಿ ‘ಲೇವಿಯ ಮನೆಯ ಔತಣ’ ಆಯಿತು. ಔತಣಕ್ಕೆ ಯಾರು ಬೇಕಾದರೂ ಬರಬಹುದಲ್ಲ. ನಾಯಿ ಇರುವ ಜಾಗದಲ್ಲಿ ಮಗ್ದಲದ ಮರಿಯಳನ್ನು ಬರೆಯಬೇಕು ಅಂತಲೂ ಹೇಳಿದ್ದರು. ವೆನಿಸ್‌ನ ಅಕಾಡೆಮಿಯಾ ಗ್ಯಾಲರಿಗೆ ಹೋದರೆ ನೋಡು, ನಾಯಿ ಇನ್ನೂ ಅಲ್ಲೇ ಕೂತಿದೆ.